ನಾಲ್ಕು ಬೆರಳು ದೂರ

ನಗೋದಾದ್ರೆ ಈಗಲೇ ಎದ್ದು ಹೋಗು. ಇದು ನಮ್ಮ ಅಣ್ಣನಿಗೆ, ಅಂದ್ರೆ ದೊಡ್ಡಪ್ಪನ ಮಗನಿಗೆ ಆಗಿದ್ದು. ಬಡಗಿ ಕೆಲಸ ಅವನದು. ಒಂದು ಸಲ ದೊಡ್ಡ ಸುಳ್ಳು ಹೇಳಿದ್ದ... ಅದರ ಕತೆಯೇ ಇದು.

ಅವತ್ತು ರಾತ್ರಿ ಕೆಲಸ ಮುಗಿಸಿ ಹಳೇ ಕ್ರಿಕೆಟ್ ಮೈದಾನ ಹಾದು ಬರ್ತಿದ್ದ. ಮೂಲೆಯ ಪಾಳುಬಾವಿ ಹತ್ತಿರ ಬಂದಾಗ ಹಿಂದೆ ಸದ್ದು... ಟಪ್ ಟಪ್ ಟಪ್ ಟಪ್... ಕೊನೆಗೆ ಝರ್ರ್. ಓಡಿಬಂದವನು ಗೆರೆ ಮುಟ್ಟೋಕೆ ಬ್ಯಾಟಿನ ತುದಿ ನೆಲಕ್ಕೆ ಉಜ್ಜುವ ಸದ್ದು. ಅಣ್ಣ ನಿಂತಲ್ಲೇ ನಿಂತ. ಹಾಗೆ ಓಡ್ತಿದ್ದವನು ಒಬ್ಬನೇ, ಮೊಲ. ಅವನು ಸತ್ತು ಇಪ್ಪತ್ತೆರಡು ವರ್ಷ.

ಮೊಲ ಅಣ್ಣನ ಜೀವದ ಗೆಳೆಯ. ಓಟ ನೋಡಿ ಇಟ್ಟ ಹೆಸರು ಅದು. ಪಕ್ಕದೂರಿನವರ ಮೇಲೆ ಫೈನಲ್. ಕೊನೇ ಜೋಡಿ ಇವರಿಬ್ಬರು, ಬೇಕಿದ್ದದ್ದು ಒಂದೇ ರನ್. ಅಣ್ಣ ಚೆಂಡು ತಳ್ಳಿ "ಬಾ" ಅಂತ ಕೂಗಿದ. ಎರಡು ಹೆಜ್ಜೆ ಇಟ್ಟು ತಾನೇ ಹೆದರಿ ವಾಪಸ್ ಗೆರೆಯೊಳಗೆ ಹೋಗಿ ನಿಂತ. ಅರ್ಧ ದಾರಿ ಬಂದಿದ್ದ ಮೊಲ ತಿರುಗಿ ಓಡಿ, ಬಿದ್ದು, ಬ್ಯಾಟು ಚಾಚಿದ. ನಾಲ್ಕು ಬೆರಳು ದೂರ. ಔಟ್.

ಎಲ್ಲರೂ ಮೊಲನ ಮೇಲೆ ಮುಗಿಬಿದ್ರು. ಅಣ್ಣನೂ ತಾನು ಬೇಡ ಅಂದಿದ್ದೆ ಅಂತಲೇ ಸಾಧಿಸಿದ. ಮೊಲ ಎದುರಿಗೆ ಬಂದು ನಿಂತ.

"ಬಾ ಅಂದೆಯಲ್ಲೋ... ಸುಳ್ಳುಗಾರ."

ಅಣ್ಣ ಕೈಲಿದ್ದ ಬ್ಯಾಟು ಬೀಸಿದ. ಫಟ್... ಒಣಹಲಗೆ ಸೀಳಿದ ಹಾಗೆ. ಮೊಲನ ಕಿವಿಯಿಂದ ರಕ್ತ ಬುಳುಬುಳು ಬಂತು. ಆಸ್ಪತ್ರೆ ಬಾಗಿಲಲ್ಲೇ ಉಸಿರು ನಿಂತುಹೋಯ್ತು. ಚೆಂಡು ತಗುಲಿ ಸತ್ತ ಅಂತ ತಂಡದಲ್ಲಿದ್ದ ನಾವೆಲ್ಲ ಒಂದೇ ಮಾತು ಹೇಳಿದ್ವಿ. ಅಣ್ಣ ಬಾ ಅಂದಿದ್ದು ನನಗೂ ಕೇಳಿಸಿತ್ತು. ನಾನೂ ಬಾಯಿ ಮುಚ್ಕೊಂಡೆ.

ಈಗ, ಇಷ್ಟು ವರ್ಷ ಆದಮೇಲೆ, ಬಾವಿ ಹತ್ತಿರ ಅಣ್ಣನ ಕಿವಿಯ ಪಕ್ಕದಲ್ಲೇ ಪಿಸುಮಾತು.

"ಅವತ್ತು ಏನಂದೆ?"

"ಬೇಡ ಅಂದೆ."

ಫಟ್... ಮೊಣಕಾಲಿಗೆ ಬಿತ್ತು. ಎದುರಿಗೆ ಯಾರೂ ಇಲ್ಲ. ಮತ್ತೆ ಅದೇ ಪ್ರಶ್ನೆ. ಅಣ್ಣ ಹಟಮಾರಿ, ಮತ್ತೆ ಬೇಡ ಅಂದೆ ಅಂದ. ಈ ಸಲ ಮೊಣಕೈ... ಮೂಳೆ ಲಟಕ್ಕಂತು. ಮಣ್ಣು ಕಚ್ಚಿಕೊಂಡು ಅಳ್ತಾ ಕೊನೆಗೆ ಬಾಯಿ ಬಿಟ್ಟ.

"ಬಾ... ಬಾ ಅಂದೆ ಕಣೋ."

ಸದ್ದು ನಿಂತಿತು. ಬಿಟ್ಟುಹೋದ ಅಂದ್ಕೊಂಡು ತೆವಳ್ತಾ ಮನೆ ಸೇರಿದ. ಮುರಿದ ಕೈಗೆ ಪಟ್ಟಿ ಕಟ್ಟಿ, ಬಾಗಿಲ ಚಿಲಕ ಹಾಕಿ, ರಾತ್ರಿ ಅಲ್ಲೇ ಉಳಿದದ್ದು ನಾನೇ. ನಡೆದದ್ದನ್ನೆಲ್ಲ ಅವನು ನನ್ನ ಕೈ ಹಿಡ್ಕೊಂಡು ಹೇಳಿದ. ಕೇಳಿ ನಾನು ಎದ್ದು ಚಿಲಕ ಇನ್ನೊಂದು ಸಲ ನೋಡಿ ಬಂದೆ. ಬಾ ಅಂತ ಕರೆದಮೇಲೆ ಮೊಲ ಬರದೆ ಇರ್ತಾನಾ?

ಬೆಳಗ್ಗೆ ನೋಡಿದ್ರೆ ಚಿಲಕ ಹಾಕಿದ ಹಾಗೇ ಇತ್ತು. ನೆಲದ ಮೇಲೆ ಬ್ಯಾಟಿನ ತುದಿಯಷ್ಟು ಅಗಲದ ಗೀರು... ಅಂಗಳದಿಂದ ಹೊಸ್ತಿಲು ದಾಟಿ ಅಣ್ಣನ ಮಂಚದ ಕಡೆಗೆ. ಬೆರಳಿಟ್ಟು ಅಳೆದೆ. ಮಂಚದ ಕಾಲಿಗೆ ಇನ್ನು ನಾಲ್ಕು ಬೆರಳು.

ಮೂರನೇ ದಿನ ಬೆಳಗ್ಗೆ ಅಣ್ಣ ಏಳಲಿಲ್ಲ. ಕಿವಿಯಿಂದ ರಕ್ತ ಬಂದಿತ್ತು. ನಂಬ್ತೀಯೋ ಬಿಡ್ತೀಯೋ, ಇದೇ ಕೈಯಿಂದ ಮತ್ತೆ ಅಳೆಯೋಕೆ ಹೋದೆ. ಗೀರಿಗೂ ಮಂಚದ ಕಾಲಿಗೂ ನಡುವೆ ಬೆರಳು ಇಡೋಕೆ ಜಾಗ ಇರಲಿಲ್ಲ.