ಹೊಳೆ ತೆರೆದ ದಿನ

ಅಧ್ಯಕ್ಷತೆ ವಹಿಸಿರುವ ಪೂಜ್ಯ ಪಾದ್ರಿಗಳೇ, ನಮ್ಮ ಊರಿನ ದೊರೆಗಳಾದ ಹೊಸ ರಾತು ಅವರೇ, ಮುಂದಿನ ಚಾಪೆಯ ಹಿರಿಯರೇ, ಹಿಂದೆ ಬೀಸಣಿಗೆ ಮರೆಯಲ್ಲಿ ಆಗಲೇ ನಗುತ್ತಿರುವ ಹೆಂಗಸರೇ, ಸಭಿಕರೇ,

ಉಲಾಮಿಲಾಳನ್ನು ಬೀಳ್ಕೊಡುವ ಈ ಸಭೆಯಲ್ಲಿ ಮಾತಾಡಲು ನನ್ನನ್ನೇ ಯಾಕೆ ಕರೆದರು? ನಾನು ಅವಳ ಸೋದರತ್ತೆಯ ಮಗ. ಅವಳು ನನ್ನನ್ನು ಬೈಯಬಹುದು, ನಾನು ತಿರುಗಿ ಬೈಯಬಹುದು. ಉಳಿದವರಿಗೆ ಆ ಭಾಗ್ಯವಿಲ್ಲ. ನಮ್ಮ ಹೊಳೆಯಲ್ಲಿ ಕಪ್ಪೆಚಿಪ್ಪು ಹೆಕ್ಕುವುದರಲ್ಲಿ ಅವಳನ್ನು ಮೀರಿಸಿದವರುಂಟೇ? ಕಾಲ್ಬೆರಳಿನಿಂದ ಕೆಸರು ತಡಕಿ, ಉಸಿರು ಬಿಗಿಹಿಡಿದು ಮುಳುಗಿ, ಬುಟ್ಟಿ ತುಂಬಿಸಿಕೊಂಡೇ ಮೇಲೆ ಬರುತ್ತಿದ್ದಳು. ಗಂಡ ಸತ್ತ ಮೇಲೆ ಆ ಬುಟ್ಟಿಯಿಂದಲೇ ಮನೆ ನಡೆಸಿದಳು. ಈಗ ನಾಂದಿ ಪಟ್ಟಣದ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯಲು ಮಗಳನ್ನು ಕರೆದುಕೊಂಡು ಹೊರಟಿದ್ದಾಳೆ.

ಯಾಕೆ ಹೊರಟಳು? ಮೇಲ್ಗಡೆ ಜಲ್ಲಿ ತೆಗೆಯುವವರಿಂದ ಹೊಳೆ ಹಾಳಾಯಿತು ಎಂದು ಹೇಳಿ ಕೂತುಬಿಡೋಣವೆಂದೇ ಬಂದಿದ್ದೆ. ಆದರೆ ನಿಜ ಗೊತ್ತಿರುವ ಅವಳು ಎದುರಿಗೇ ಕೂತಿದ್ದಾಳೆ.

ಹಿರಿಯ ರಾತು ತೀರಿಕೊಂಡಾಗ ಪದ್ಧತಿಯಂತೆ ಹೊಳೆ ಮುಚ್ಚಿದೆವು. ವರ್ಷ ತುಂಬುವವರೆಗೆ ಅದರಿಂದ ಯಾರೂ ಒಂದು ಮೀನು, ಒಂದು ಚಿಪ್ಪು ತೆಗೆಯುವಂತಿಲ್ಲ. ತೆರೆಯುವ ದಿನ ಊರಿಗೇ ಊಟ. ಅದಕ್ಕೆ ಹಂದಿ ಬೇಕಲ್ಲ? ಹೊಳೆಯ ದಂಡೆಯುದ್ದಕ್ಕೂ ಗೂಡು ಕಟ್ಟಿದೆವು. ತೊಳೆಯಲು ನೀರು ಹತ್ತಿರ, ತೊಳೆದದ್ದು ಹರಿದು ಹೋಗಲು ಹೊಳೆ ಇನ್ನೂ ಹತ್ತಿರ! ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಒಂದು ದಿನ ಉಲಾಮಿಲಾ ಕೇಳಿದಳು: "ಅಲ್ಲ ಭಾವ, ನಮಗೆ ಹೊಳೆಗೆ ಇಳೀಬೇಡಿ ಅಂದ್ರಿ. ಹಂದಿ ಹೊಲಸಿಗೆ ಹೇಳೋರು ಯಾರೂ ಇಲ್ವಾ?"

"ಹಂದಿ ಹೊಳೆಯಿಂದ ಏನೂ ತೆಗೀತಿಲ್ವಲ್ಲೇ, ಕೊಡ್ತಾ ಇದೆ!" ಎಂದ ಯಾರೋ. ಇಡೀ ಊರು ನಕ್ಕಿತು.

ತೆರೆಯುವ ದಿನ ಮರದ ನಗಾರಿ ಬಾರಿಸಿದೆವು. ಹೆಂಗಸರು ಹಾಡುತ್ತ ನೀರಿಗಿಳಿದರು. ಮೊದಲು ಮುಳುಗಿದವಳು ಅವಳೇ. ಮೇಲೆ ಬಂದಾಗ ಕೈತುಂಬ ಚಿಪ್ಪು. ಎಲ್ಲವೂ ಬಾಯಿಬಿಟ್ಟಿದ್ದವು, ಒಳಗೆ ಬರೀ ಕರಿ ಕೆಸರು. ಮತ್ತೆ ಮುಳುಗಿದಳು. ಮತ್ತೆ ಅದೇ. ಹಾಡು ನಿಂತಿತು. ಅಷ್ಟರಲ್ಲಿ ದಂಡೆಯ ಮೇಲೆ ಹಂದಿ ಬೆಂದಿತ್ತು. ಸಭಿಕರೇ, ನಾವು ಏನು ಮಾಡಿದೆವು? ಕೂತು ಉಂಡೆವು. ಅವಳು ಒದ್ದೆ ಬಟ್ಟೆಯಲ್ಲೇ ಮನೆಗೆ ಹೋದಳು. ಕಟ್ಟಿದ ಗೂಡು ಖಾಲಿ ಯಾಕೆ ಬಿಡುವುದೆಂದು ನಾವು ಮತ್ತೆ ಮರಿ ತಂದೆವು. ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ, ದುಃಖವೂ ಆಗುತ್ತದೆ.

ಮೊನ್ನೆ ಕೊನೆಗೂ ಆ ಗೂಡುಗಳನ್ನು ಕಿತ್ತು ಗುಡ್ಡದಾಚೆ ಸಾಗಿಸಿದೆವು. ನಾನು ಓಡಿಹೋಗಿ ಅವಳಿಗೆ ಹೇಳಿದೆ: "ಹೋಗಬೇಡ ಕಣೇ. ಹೊಳೆ ತಿಳಿಯಾಗುತ್ತೆ. ಚಿಪ್ಪು ಮತ್ತೆ ಬರ್ತವೆ."

ಅವಳು ಗಂಟು ಕಟ್ಟುತ್ತಲೇ ಅಂದಳು: "ಬರ್ತವೆ ಭಾವ, ಬರದೆ ಏನು. ಆದ್ರೆ ನನ್ನ ಮಗಳು ಈಗ ಹೊಳೆ ಹತ್ರ ಬಂದ್ರೆ ಮೂಗು ಮುಚ್ಕೋತಾಳೆ. ಅವಳನ್ನ ನೀರಿಗಿಳಿಸೋರು ಯಾರು?"

ಸಭಿಕರೇ, ಅದಕ್ಕೆ ಉತ್ತರ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಲಾರಿ ಹೊರಡುವ ಮುಂಚೆ ಅವಳಿಗೆ ಹೇಳಿ. ನನ್ನ ಮಾತನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಉಲಾಮಿಲಾ, ನಿನಗೆ ನಮಸ್ಕಾರ.