ಹಳದಿ ಕಾರಿಗೆ ನಂಬರ್ ಬಂದ ದಿನ

ಇಲ್ಲ ಇಲ್ಲ, ಆ ಕಡೆ ಅಲ್ಲ ರೋಡಾ, ಈ ಕಡೆ ಬಾ. ಹ್ಞೂಂ, ಸ್ಟೀರಿಂಗ್ ಇರೋ ಕಡೆನೇ! ನೀನೇ ಓಡಿಸ್ಬೇಕು ಅಂತ ತಿಂಡಿ ತಿನ್ನೋವಾಗಿಂದ ಬಡ್ಕೋತಾ ಇದೀನಲ್ಲ... ಏನದು, ನಗುನಾ? ಮೂಗಲ್ಲಿ ಪುಸ್ ಅಂದ್ರೆ ಅದೂ ನಗುನೇ. ಇಷ್ಟು ವರ್ಷ ಸಂಸಾರ ಮಾಡಿದ ಗಂಡಂಗೆ ಅಷ್ಟೂ ಗೊತ್ತಾಗಲ್ವಾ?

ಕೀ ಆಡಿಸ್ತಾ ನಿಲ್ಬೇಡ, ಹತ್ತು. ಬಾಗಿಲಿಲ್ಲ, ಕಾಲೆತ್ತಿ ದಾಟ್ಬೇಕು. ಅದಕ್ಕೇ ಹೇಳಿದ್ದು ಸ್ಕರ್ಟ್ ಹಾಕೋಬೇಡ ಅಂತ... ಏನಂದೆ? ಪ್ಯಾಂಟೇ ಹಾಕಿರೋದಾ? ಹಾಂ, ಪ್ಯಾಂಟೇ. ನೋಡ್ದೆ, ನೋಡ್ದೆ.

ನಾನ್ಯಾಕೆ ಓಡಿಸಬಾರ್ದು ಅಂದ್ರೆ... ಗೌರವ ಕಣೇ! ಮೊದಲನೇ ಸಲ ನಮ್ಮ ಕಾರು ನಂಬರ್ ಹಾಕ್ಕೊಂಡು ಗೇಟ್ ದಾಟ್ತಿದೆ. ಯಜಮಾನ್ತಿ ಓಡಿಸ್ಲಿ ಅಂತ. ದಿನಾ ಸ್ಕೂಲ್ ವ್ಯಾನ್ ಓಡಿಸೋಳಿಗೆ ಇದೇನು ದೊಡ್ಡದು? ಜೊತೆಗೆ ನನ್ನ ಮಂಡಿ ಬೇರೆ. ಕ್ಲಚ್ಚಿಗೆ ಎಡಗಾಲು ಕೇಳಲ್ಲ... ಏನು? ನಿನ್ನೆ ಬಲ ಮಂಡಿ ಅಂದಿದ್ನಾ? ಅಂದಿದ್ರೆ ಅಂದಿರ್ತೀನಿ. ಎರಡೂ ನೋಯುತ್ತೆ! ಜೀವಮಾನ ಪೂರ್ತಿ ಬೇಕರಿ ಒಲೆ ಮುಂದೆ ನಿಂತೋನು. ಮಂಡಿಗಳು ಸರದಿ ಮೇಲೆ ನೋಯ್ತವೆ.

ಈಗ ಹೊರಟ್ರೆ ಮಧ್ಯಾಹ್ನಕ್ಕೆ ಅಬರಿಸ್ತ್ವಿತ್. ವೇಲ್ಸ್ ಗುಡ್ಡ ಹತ್ತಿ ಇಳಿದ್ರೆ ಸಮುದ್ರ. ದಂಡೆ ಮೇಲೆ ಕೂತು ಮೀನು, ಚಿಪ್ಸ್, ಮೇಲಿಷ್ಟು ವಿನೆಗರ್... ಬಾರೇ. ಯಾಕೆ ಹೀಗೆ ನಿಂತೇ ಇದೀಯ?

ಇದು ಬಂದ ದಿನ ನೆನಪಿದೆಯಾ? ಟ್ರ್ಯಾಕ್ಟರ್ ರಿಪೇರಿ ಮಾಡೋ ನಮ್ಮ ಇದ್ರಿಸ್ ಪ್ರಾಬರ್ಟ್ ಕೆಲಸ ಬಿಟ್ಟು, ಟ್ರೇಲರ್ ಮೇಲೆ ಹೇರ್ಕೊಂಡು ಬಂದ. ಚಾಸಿ ಒಂದು, ಫೈಬರ್ ಒಡಲು ಒಂದು, ಉಳಿದಿದ್ದೆಲ್ಲ ಸೇಬಿನ ಪೆಟ್ಟಿಗೆಗಳಲ್ಲಿ. ಯಾರೋ ಪುಣ್ಯಾತ್ಮ ಮನೆಯಲ್ಲೇ ಕಾರು ಜೋಡಿಸ್ತೀನಿ ಅಂತ ಬಿಡಿಭಾಗ ತರಿಸಿ, ಅರ್ಧಕ್ಕೆ ಕೈಬಿಟ್ಟು, ಕೊಟ್ಟಿಗೆಗೆ ತಳ್ಳಿದ್ದ. ಪೆಟ್ಟಿಗೆ ತೆಗೆದ್ರೆ ಇಲಿ ಗೂಡು! ನೀನು ಕೇಳಿದ್ದು ಒಂದೇ ಮಾತು, 'ಸೆಲ್ವಿನ್, ನಿನಗೆ ಬ್ರೆಡ್ ಬಿಟ್ಟು ಏನು ಮಾಡೋಕೆ ಬರುತ್ತೆ?' ಬರ್ತಿರ್ಲಿಲ್ಲ ಕಣೇ. ಸ್ಪ್ಯಾನರ್ ಯಾವ ಕಡೆ ತಿರುಗಿಸಿದ್ರೆ ಬಿಗಿಯಾಗುತ್ತೆ ಅನ್ನೋದೂ ಗೊತ್ತಿರ್ಲಿಲ್ಲ. ಹಾರ್ನ್ ಒತ್ತಿದ್ರೆ ವೈಪರ್ ಓಡ್ತಿತ್ತು. ವೈಪರ್ ಹಾಕಿದ್ರೆ... ಏನೂ ಆಗ್ತಿರ್ಲಿಲ್ಲ! ಹಾಂ, ನಗು, ನಗು. ಆವತ್ತೂ ನೀನು ಬಕೆಟ್ ಬೋರಲು ಹಾಕ್ಕೊಂಡು ಕೂತು ನಕ್ಕಿದ್ದೆ.

ಎಂಜಿನ್ ಓಡ್ತಲ್ಲ, ಮುಗೀತು ಅಂದ್ಕೊಂಡೆ. ಎಲ್ಲಿ! ಮನೆಯಲ್ಲಿ ಮಾಡಿದ ಕಾರು ರಸ್ತೆಗಿಳೀಬೇಕಾದ್ರೆ ಸರ್ಕಾರದೋರು ತಪಾಸಣೆ ಮಾಡ್ಬೇಕು, ಅವರು ಹ್ಞೂಂ ಅಂದ್ಮೇಲೇ ನಂಬರು ಅಂತ ಇದ್ರಿಸ್ ಬಾಂಬು ಹಾಕ್ದ. ಮೊದಲನೇ ಸಲ ಹೋದಾಗ ಮಾನ ಹೋಯ್ತು. ತಪಾಸಣೆ ಮಾಡೋ ಆ ಹೆಂಗಸು... ಮಾತಿಲ್ಲ ಕತೆಯಿಲ್ಲ. ಕೋಲಿನ ತುದಿಗೊಂದು ಚೆಂಡು. ಅದನ್ನ ಕಾರಿನ ಮೈಮೇಲೆಲ್ಲ ಉರುಳಿಸ್ತಾಳೆ. ಚೆಂಡು ಮುಟ್ಟಿದ ಕಡೆ ಅಂಚು ಚೂಪಾಗಿದ್ರೆ ಫೇಲು. ದಾರೀಲಿ ಹೋಗೋರಿಗೆ ತಗುಲಿದ್ರೆ ಕೊಯ್ಯಬಾರ್ದಲ್ಲ, ಅದಕ್ಕೆ. ಕನ್ನಡಿ ಫೇಲು, ದೀಪದ ಕಟ್ಟು ಫೇಲು, ಬೋಲ್ಟ್ ತಲೆಗಳು ಫೇಲು. ಸ್ಪೀಡೋಮೀಟರ್ ಕಡಿಮೆ ತೋರಿಸುತ್ತೆ ಅಂದ್ಲು. ಮೇಡಂ, ಅದು ನಮ್ಮೂರು ಲೆಮ್‌ಸ್ಟರ್‌ನಲ್ಲಿ ಬೆಳೆದ ಮೀಟರು, ಆತುರ ಅಂದ್ರೇನು ಅಂತ ಗೊತ್ತಿಲ್ಲ ಅಂದೆ. ಊಹ್ಞೂಂ. ನಗಲೇ ಇಲ್ಲ!

ಆಮೇಲೆ ಚಳಿಗಾಲ ಪೂರ್ತಿ ಉಜ್ಜಿದೆ. ನೀನು ಟೀ ತಂದಾಗ ನಾನು ಕಣ್ಮುಚ್ಚಿಕೊಂಡು ಬಾನೆಟ್ ಸವರ್ತಾ ಇದ್ದೆ. 'ಹೆಂಡ್ತಿನ ಯಾವತ್ತಾದ್ರೂ ಇಷ್ಟು ಮುದ್ದಾಗಿ ಸವರಿದ್ದೀಯಾ?' ಅಂದೆ ನೀನು. ಹಿಟ್ಟು ನಾದಿದ ಕೈ ಕಣೇ. ಹಿಟ್ಟಲ್ಲಿ ಉಪ್ಪಿನ ಹರಳು ಉಳಿದಿದ್ರೂ ಬೆರಳಿಗೆ ತಿಳಿಯುತ್ತೆ. ಬ್ರೇಕು, ಬೆಸುಗೆ ಎಲ್ಲ ಇದ್ರಿಸ್ ನೋಡ್ದ, ಅಂಚುಗಳು ಮಾತ್ರ ನಂದು. ಎರಡನೇ ಸಲ ಅವಳ ಚೆಂಡು ಮೂತಿಯಿಂದ ಬಾಲದವರೆಗೂ ಉರುಳ್ತು ನೋಡು... ಎಲ್ಲೂ ತಡೀಲಿಲ್ಲ. ಪಾಸು! ಇದ್ರಿಸ್ ನನ್ನನ್ನ ಎತ್ತಿಬಿಟ್ಟ, ಅಲ್ಲೇ, ಎಲ್ಲರ ಮುಂದೆ!

ಹ್ಞಾ? ಎರಡನೇ ಸಲ ಕಾರನ್ನ ಟ್ರೇಲರ್ ಮೇಲೆ ಯಾಕೆ ತಗೊಂಡು ಹೋದ್ರಿ ಅಂತಾನಾ? ಹೌದಪ್ಪ, ಮೊದಲನೇ ಸಲ ನಾನೇ ಓಡಿಸ್ಕೊಂಡು ಹೋಗಿದ್ದೆ. ತಪಾಸಣೆಗೆ ಅಂದ್ರೆ ನಂಬರಿಲ್ಲದೇನೂ ಹೋಗಬಹುದು, ಹೌದು. ಎರಡನೇ ಸಲ... ಮೋಡ ಇತ್ತು. ಮೇಲೆ ಛಾವಣಿ ಇಲ್ವಲ್ಲ. ಅದೀಗ ಯಾಕೆ? ಪೊಲೀಸ್ನೋರ ಥರ ಒಂದೊಂದೇ ಕೇಳ್ತೀಯಲ್ಲ... ಪೇಟೆಗೆ ಈಗೀಗ ಬಸ್ಸಲ್ಲಿ ಹೋಗೋದು ಯಾಕೆ ಅಂತಾನಾ? ಬಸ್ಸು ಚೆನ್ನಾಗಿರುತ್ತೆ ಅಂತ! ನಾಲ್ಕು ಜನ ಸಿಗ್ತಾರೆ, ಮಾತಾಡಬಹುದು... ಪೇಪರ್ ಓದೋದು ಬಿಟ್ಟಿದ್ದು ಯಾಕೆ ಅಂದ್ರೆ ಅದರಲ್ಲೇನಿದೆ ಮಣ್ಣು! ಬರೀ ಜಗಳ.

ಎಲ್ಲಿಗೆ? ಜಲ್ಲಿ ಮೇಲೆ ಹೆಜ್ಜೆ ಸದ್ದು... ಕೋಪಾನಾ? ಸರಿ, ಒಂದು ಸುತ್ತು ಹಾಕ್ಕೊಂಡು ಬಾ. ಅಷ್ಟರಲ್ಲಿ ಸೀಟು ಒರೆಸ್ತೀನಿ.

ಒರೆಸಿದ್ದಾಯ್ತು!

ರೋಡಾ?... ಒಳಗೆ ಹೋದೆಯಾ?... ಅಡುಗೆಮನೆ ಬಾಗಿಲು ಕಿರುಗುಟ್ಟಲಿಲ್ಲವಲ್ಲ... ಏಯ್, ಈ ವಯಸ್ಸಲ್ಲಿ ಏನು ಕಣ್ಣಾಮುಚ್ಚಾಲೆ? ರೋಡಾ!... ಮಾತಾಡೇ... ಎಲ್ಲಿದೀಯ?...

ಅಯ್ಯೋ! ಯಾರು... ನಿನ್ನ ಕೈಯಾ? ಎದೆ ಹಾರಿಹೋಯ್ತು ಕಣೇ! ಎಲ್ಲಿದ್ದೆ ಇಷ್ಟೊತ್ತು?

...ಇಲ್ಲೇನಾ? ಬಾನೆಟ್ ಮುಂದೆನೇ?

...ಕೈ ಬೀಸ್ತಾ ಇದ್ದೆಯಾ.

ಬಿಸಿಲು ಕಣ್ಣಿಗೆ ಹೊಡೀತಿತ್ತು. ಹಿಂದೆ ಗೋಡೆ, ನಿನ್ನ ಕೋಟೂ ಅದೇ ಬಣ್ಣ... ಏನಾದ್ರೂ ಅನ್ನು. ಬಯ್ಯಿ ಬೇಕಾದ್ರೆ. 

ಸರಿ. ಸರಿ, ಹೇಳ್ತೀನಿ.

ಕಣ್ಣ ನೇರಕ್ಕೆ, ನಡುವೆ ಏನೂ ಕಾಣಲ್ಲ. ಎರಡೂ ಕಣ್ಣು. ಅಂಚಲ್ಲಿ ಕಾಣುತ್ತೆ, ಅಂಗಳದಲ್ಲಿ ಓಡಾಡ್ತೀನಿ, ಕೆಲಸ ಮಾಡ್ತೀನಿ. ನಿನ್ನ ನೋಡಿದ್ರೆ ಕೂದಲು ಕಾಣುತ್ತೆ, ಭುಜ ಕಾಣುತ್ತೆ... ಮುಖ ಇರೋ ಕಡೆ ಹಬೆ ಹಿಡಿದ ಗಾಜು. ದೂರ ನಿಂತ್ರೆ ಅಷ್ಟೂ ಇಲ್ಲ. ಕಣ್ಣಾಸ್ಪತ್ರೆಗೆ ಇದ್ರಿಸ್ ಕರ್ಕೊಂಡು ಹೋಗಿದ್ದ. ಅವನ ಮೇಲೆ ರೇಗಬೇಡ, ನಾನೇ ಆಣೆ ಹಾಕಿಸ್ಕೊಂಡಿದ್ದೆ. ಡಾಕ್ಟರಮ್ಮ ಪಾಪ ನಿಧಾನವಾಗೇ ಹೇಳಿದ್ರು. ಇರೋ ದೃಷ್ಟಿನ ಕಣ್ಣಿಗೆ ಸೂಜಿ ಹಾಕಿ ಉಳಿಸೋಕೆ ನೋಡ್ತಾರಂತೆ. ಹೋಗಿದ್ದು ಬರಲ್ವಂತೆ. ಇನ್ನು ವಾಹನ ಓಡಿಸೋ ಹಾಗಿಲ್ಲ ಅಂದ್ರು. ಲೈಸೆನ್ಸ್ ವಾಪಸ್ ಕಳಿಸಿಬಿಟ್ಟೆ.

ಯಾವಾಗ ಅಂದ್ರೆ... ಇತ್ತೀಚೆಗೆ. ಕಾರು ಪಾಸಾದ್ಮೇಲೆ. ಮೊನ್ನೆ ಮೊನ್ನೆ.

ಸೂಜಿ ಅಂದ್ರೆ ನೋವೇನಿಲ್ಲ. ತಿಂಗಳಿಗೊಂದ್ಸಲ. ಇನ್ಮೇಲೆ ನೀನೇ ಕರ್ಕೊಂಡು ಹೋಗು, ಆಯ್ತಾ? ಅಳ್ತಿದೀಯಾ? ನೋಡು, ಇದೇ ಕಷ್ಟ, ಗೊತ್ತಾಗೋದೇ ಇಲ್ಲ ನನಗೆ...

ಆಂ? ಹತ್ತಿದೆಯಾ? ತಾಳು ತಾಳು, ನಾನೂ ಬಂದೆ... ಉಸ್ಸಪ್ಪ. ಕೂತೆ. ಈಗ ಕಾಲು ಚಾಚು. ಸೀಟು ಎಳೀಬೇಡ, ಅದು ಜರುಗಲ್ಲ, ಬೋಲ್ಟ್ ಹಾಕಿ ಕೂರಿಸಿದ್ದು. ಪೆಡಲ್ ಸಿಗ್ತಾ? ಮೂರೂ? ಸಿಗದೇ ಏನು! ನಾನು ಕೂತ್ರೆ ಮಂಡಿ ಸ್ಟೀರಿಂಗಿಗೆ ಬಡಿಯುತ್ತೆ. ನಿನ್ನ ಗಿಡ್ಡ ಕಾಲಿಗೆ ಅಳತೆ ತೆಗೆದು ಹೊಲಿಸಿದ ಹಾಗೆ...

ಏನು ತಡಕ್ತಿದೀಯ? ಸೀಟಿನ ಬೋಲ್ಟಾ?

ರೋಡಾ?

...ಹೂಂ. ಕಾರು ಪಾಸಾದ್ಮೇಲೆ ಸೀಟು ಮುಟ್ಟೋ ಹಾಗಿಲ್ಲ, ನಿಜ, ಮುಂಚೆನೇ ಕೂರಿಸಿದ್ದು. ನಾನೇ ಹೇಳಿದ್ದೆ ನಿನಗೆ.

ಕಣ್ಣಿನ ವಿಷಯ ಮೊನ್ನೆ ಅಲ್ಲ, ಚಳಿಗಾಲದಲ್ಲೇ ಗೊತ್ತಿತ್ತು ಕಣೇ. ಮೊದಲನೇ ತಪಾಸಣೆಯಿಂದ ವಾಪಸ್ ಬರ್ತಾ, ಸೇತುವೆ ಹತ್ರ, ಸೈಕಲ್ ಮೇಲೆ ಒಬ್ಬರು... ಕಾಣಲೇ ಇಲ್ಲ ನನಗೆ. ಅವರೇ ಹುಲ್ಲಿಗೆ ಹಾರಿದ್ರು. ಏನೂ ಆಗ್ಲಿಲ್ಲ, ದೇವರ ದಯೆ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಕೂತುಬಿಟ್ಟೆ.  ಇದ್ರಿಸ್‌ಗೆ ಫೋನ್ ಮಾಡಿ ಕರೆಸ್ಕೊಂಡೆ. ಅದಾದ ವಾರವೇ ಆಸ್ಪತ್ರೆಗೆ ಹೋಗಿದ್ದು.

ಮನೆಗೆ ಬಂದು, ಗ್ಯಾರೇಜಿಗೆ ಬೀಗ ಹಾಕಿಬಿಡೋಣ ಅಂತ ಎರಡು ದಿನ ಕೂತಿದ್ದೆ. ನಿನಗೆ ಹೇಳಿದ್ರೆ ನೀನೂ ಅದನ್ನೇ ಅಂತಿದ್ದೆ, ಅಲ್ವಾ? ಮೂರನೇ ದಿನ ಎದ್ದು ಸೀಟು ಬಿಚ್ಚಿದೆ. ಬಾಗಿಲ ಹತ್ರ ನಿನ್ನ ರಬ್ಬರ್ ಬೂಟು ಇರುತ್ತಲ್ಲ, ಅದನ್ನ ತಂದು ಪೆಡಲ್ ಮೇಲಿಟ್ಟು ಅಳತೆ ಹಿಡಿದೆ...

ಆಮೇಲೆ ಉಜ್ಜಿದ್ದೆಲ್ಲ ನಿನಗೇ. ಒಂದೊಂದು ಅಂಚೂ.

 ಹೊರಡೋದು, ಇಲ್ಲೇ ಕೂತಿರೋದು, ಎರಡೂ ನಿನ್ನಿಷ್ಟ. ನಿನ್ನ ಕಾರು.