ಹತ್ತು ಗೆರೆ

ನಂಬಲ್ವಾ? ನಂಬಬೇಡಿ ನೋಡೋಣ, ಮಿಸ್ ವರ್ನಾ! ಪ್ರೂಯಿಟ್ ಮನೆ ಹಾರ್ಲನ್ ಸುಳ್ಳು ಹೇಳ್ತಾನೆ ಅನ್ನೋ ಒಬ್ಬನನ್ನ ಈ ಓಕ್ಲಹೋಮಾದಲ್ಲಿ ಹುಡುಕಿ ತನ್ನಿ. ಪಿಕಪ್ ಗಾಡಿ ಕೀ ನಿಮ್ಮ ಮೇಜಿನ ಮೇಲಿಟ್ಟು ನಡ್ಕೊಂಡೇ ಊರಿಗೆ ಹೋಗ್ತೀನಿ.

ನಗ್ತಿಲ್ವಾ? ಸರಿ, ತುಟಿ ಅಲುಗಿದ ಹಾಗಾಯ್ತು.

ಇನ್ನೊಂದ್ಸಲ ಹೇಳ್ತೀನಿ ಕೇಳಿ. ನಮ್ಮಮ್ಮ ಅಲ್ಲಿ ಆಸ್ಪತ್ರೇಲಿ ಬಿದ್ದಿದಾಳೆ. ನಿನ್ನೆ ಬೆಳಿಗ್ಗೆ ನಿಮ್ಮ ಔಷಧಿ ಅಂಗಡೀದು, ತೂಕ ಇಳಿಸೋ ಮದ್ದು ಚುಚ್ಚಿದ್ದು, ಮಧ್ಯಾಹ್ನದಿಂದ ವಾಂತಿ... ಒಂದು ಗುಟುಕು ನೀರೂ ನಿಲ್ತಿಲ್ಲ. ಡಾಕ್ಟರು ಎಷ್ಟು ಹಾಕಿದ್ರಿ ಅಂದ. ಚೀಟೀಲಿ ಇದ್ದಷ್ಟೇ, ಹತ್ತು ಯೂನಿಟ್ ಅಂದೆ. ಅಷ್ಟಕ್ಕೆಲ್ಲ ಹೀಗಾಗಲ್ಲ, ಕರುಳೇ ಕಟ್ಟಿರಬೇಕು, ಕೊಯ್ದು ನೋಡೋಣ ಅಂತಿದಾನೆ! ಕೊಯ್ಯೋದಂತೆ! ತಪ್ಪು ಈ ಸೀಸೇಲಿದೆ ಅಂತ ನೀವೊಂದು ಮಾತು ಬರ್ಕೊಡಿ. ಚಾಕು ಕೆಳಗಿಡ್ತಾನೆ. ಅಷ್ಟೇ ನಾನು ಕೇಳ್ತಿರೋದು.

ಯಾಕೆ ಹಾಗೆ ನೋಡ್ತೀರಿ?

ಇದು ಕೆಂಪಗ್ಯಾಕಿದೆ ಹೇಳಿ ಮೊದಲು! ಟಿವೀಲಿ ತೋರಿಸೋ ಕಂಪನಿಯವರ ಚುಚ್ಚೋ ಪೆನ್ನಿನ ಮದ್ದು ಬಾವಿ ನೀರಿನ ಹಾಗಿರುತ್ತೆ. ನಿಮ್ಮದು ಸ್ಟ್ರಾಬೆರಿ ಶರಬತ್ತು! ...ಏನು? ಹೌದು, ಓದಿದೆ, ಲೇಬಲ್ ಮೇಲಿದೆ, ಬಿ ಹನ್ನೆರಡು ವಿಟಮಿನ್ನು. ಅದನ್ನ ಹಾಕಿ ಅಂತ ಯಾರು ಕೇಳಿದ್ರು? ...ಚೀಟಿ ಕೊಟ್ಟ ನಮ್ಮ ಡಾಕ್ಟರೇ ಬರ್ದಿದ್ನಾ. ಇರ್ಲಿ. ಆದ್ರೂ ನೀವು ಹಿಂದಿನ ಕೋಣೇಲಿ ಕೂತು ಬೆರೆಸೋ ಮದ್ದು ತಾನೇ? ಕಂಪನೀದನ್ನ ಸರ್ಕಾರ ಪರೀಕ್ಷೆ ಮಾಡಿ ಒಪ್ಪುತ್ತೆ. ನಿಮ್ಮದನ್ನ? ...ನೋಡಿದ್ರಾ, ಇಲ್ಲ ಅಂತ ನಿಮ್ಮ ಬಾಯಲ್ಲೇ ಬಂತು! ಪೆನ್ನಿಗೆ ವಿಮೆಯವರು ಆಗಲ್ಲ ಅಂದ್ರು, ಅಮ್ಮನ ಮಂಡಿ ಆ ತೂಕ ಹೊರಲಾರೆ ಅಂತಿತ್ತು, ಅದಕ್ಕೇ ನಿಮ್ಮ ಬಾಗಿಲಿಗೆ ಬಂದ್ವಿ. ಇಲ್ದಿದ್ರೆ ಬರ್ತಿದ್ವಾ?

ನನ್ನ ಕೈ? ನನ್ನ ಕೈ ಬಗ್ಗೆ ಕೇಳ್ತೀರಾ! ಈ ವಸಂತದಲ್ಲಿ ಇನ್ನೂರು ಕರುಗಳಿಗೆ ಚುಚ್ಚಿದೀನಿ, ಮೇಡಮ್. ಒಂದೂ ಕಮಕ್ ಕಿಮಕ್ ಅಂದಿಲ್ಲ. ಪಶು ಡಾಕ್ಟರೇ ಹೇಳ್ತಾನೆ, ಹಾರ್ಲನ್ ಕೈಗೆ ಸಿರಿಂಜು ಕೊಟ್ಟು ನಾನು ಕಾಫಿ ಕುಡೀಬಹುದು ಅಂತ. ಹತ್ತು ಅಂದ್ರೆ ಹತ್ತೇ ಗೆರೆ ಎಳ್ದಿದೀನಿ. ಕಣ್ಣಿಗೆ ಹಿಡಿದು, ಗಾಳಿ ಗುಳ್ಳೆ ತೆಗ್ದು... ಹತ್ತು ಗೆರೆ!

ಯಾವ ಸಿರಿಂಜಾ? ಅದೆಂಥ ಪ್ರಶ್ನೆ? ನೀವು ಕೊಟ್ಟಿದ್ದೇ.

ಚೀಲನಾ? ತಗೊಳ್ಳಿ, ಹಾಗೇ ತಂದಿದೀನಿ, ಸಾಕ್ಷಿ! ಸುರೀರಿ. ಚೀಟಿ, ಸ್ಪಿರಿಟ್ ಬಟ್ಟೆ...

...

ಅದು... ಅದು ನೀವು ಕೊಟ್ಟ ಸಿರಿಂಜಿಂದು ಇನ್ನೊಂದು ಪೊಟ್ಟಣ ಇರಬೇಕು.

ಸೀಲು ಒಡೆದಿಲ್ಲ, ಸಿರಿಂಜು ಹತ್ತಕ್ಕೆ ಹತ್ತೂ ಇದೆ, ನನಗೂ ಕಾಣುತ್ತೆ. ಬೈಯ್ರಿ ಬೇಕಾದ್ರೆ! ಹಾಗೆ ಎತ್ತಿ ಹಿಡಿದು ತೋರಿಸಬೇಡಿ, ಮಿಸ್ ವರ್ನಾ.

ಆಟದ ಸಾಮಾನಿನ ಹಾಗಿತ್ರೀ ಅದು! ಬೊಂಬೆಗೆ ಚುಚ್ಚೋ ಹಾಗೆ ಸಣ್ಣದು, ಬೆರಳಲ್ಲಿ ನಿಲ್ಲಲ್ಲ... ಅಮ್ಮ ನಕ್ಕಳು ಕೂಡ. 'ಯಾಕೋ, ನಿನ್ನ ಕರುವಿನ ಸಿರಿಂಜು ಇಲ್ವಾ?' ಅಂದ್ಲು. ಹೊಸದೇ ತೆಗ್ದೆ, ಮೂರು ಸಿಸಿಯದು. ಅದರಲ್ಲೂ ಗೆರೆ ಇದೆ. ಹತ್ತು ಎಣಿಸ್ದೆ. ಗೆರೆ ಗೆರೇನೇ ಅಲ್ವಾ?

ಅಲ್ವಾ?

...ಅದರ ಒಂದೊಂದು ಗೆರೆಗೂ ಹತ್ತು ಯೂನಿಟ್ಟು. ಹತ್ತರಷ್ಟು.

ಯಾವಾಗ ಗೊತ್ತಾಯ್ತಾ? ಆಸ್ಪತ್ರೇಲಿ, ಡಾಕ್ಟರು ಕೇಳ್ದಾಗ. ಅಲ್ಲಿ ಗೋಡೆ ಮೇಲೆ ನಿಮ್ಮ ಆ ಪುಟ್ಟ ಸಿರಿಂಜಿನ ಚಿತ್ರ ಇತ್ತು, ಹತ್ತು ಗೆರೆ ಅಂದ್ರೆ ಎಷ್ಟು ಅಂತ ಬರ್ದಿತ್ತು. ಅದನ್ನ ನೋಡ್ತಾನೇ 'ಚೀಟೀಲಿ ಇದ್ದಷ್ಟೇ' ಅಂದೆ. ಅಮ್ಮ ಹಾಸಿಗೆ ಮೇಲಿಂದ ಹೌದು ಹೌದು ಅಂತ ತಲೆ ಆಡಿಸಿದ್ಲು. ಇನ್ನೂರು ಕರು, ಮಿಸ್ ವರ್ನಾ... ಇಡೀ ಊರಿಗೆ ಹೇಳ್ಕೊಂಡು ತಿರುಗಿದೀನಿ.

ಏನು ಬರೀತಿದೀರಿ? ಫೋನ್ ಯಾರಿಗೆ? ...ಆಸ್ಪತ್ರೆ ಡಾಕ್ಟರಿಗಾ. ಕೊಯ್ಯಬೇಡಿ ಅಂತ ಹೇಳಿ, ಮೊದಲು ಅದನ್ನ ಹೇಳಿ! ...ನನ್ನ ಬಾಯಿಂದ್ಲೇ ಕೇಳ್ಬೇಕಂತಾ?

ಇದು ನನಗಾ?

ಒಂದು ಚೀಟಿ. 'ಹತ್ತು ಯೂನಿಟ್ ಅಲ್ಲ, ಪೂರ್ತಿ ಒಂದು ಸಿಸಿ, ಚುಚ್ಚಿದ್ದು ನಾನು.' ಕೆಳಗೆ ನನ್ನ ಹೆಸರಿಗೆ ಜಾಗ. ಒಂದು ಪೆನ್ನು. ಪಕ್ಕದಲ್ಲಿ ಫೋನು, ಡಾಕ್ಟರು ಲೈನಲ್ಲಿ ಕಾಯ್ತಿದಾನೆ.